ಸಂಪಾದಕರ ಉತ್ತರ: ಬುಲ್ಸ್ ತಂಡದಲ್ಲಿ ಲೆಕ್ಕಕ್ಕೆ ಸಿಗದವರು

ಮಾನ್ಯರೇ,

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಶಿಕಾಗೊ ಬುಲ್ಸ್ ತಂಡದ ಕುರಿತ ನಿಮ್ಮ ಪತ್ರ ತಲುಪಿತು. ತಂಡದ ತಾರೆಗಳಾದ ಮೈಕಲ್ ಜೋರ್ಡನ್ ಮತ್ತು ಸ್ಕಾಟಿ ಪಿಪ್ಪೆನ್ ಹೆಸರಿನ ಅಬ್ಬರದಲ್ಲಿ ಡೆನಿಸ್ ರಾಡ್ಮನ್, ಟೋನಿ ಕುಕೋಚ್, ಸ್ಟೀವ್ ಕೆರ್ ಮೂವರೂ ಮೂಲೆಗುಂಪಾಗಿದ್ದಾರೆ ಎಂಬುದು ನಿಮ್ಮ ದೂರು. ಜೊತೆಗೆ ಎರಡು ಪ್ರಶ್ನೆ ಕೇಳಿದ್ದೀರಿ. ಈ ತಂಡದ ಇತಿಹಾಸದಲ್ಲಿ ನಿಜವಾದ ಎಲೆಮರೆಯ ಕಾಯಿಗಳು ಯಾರು? ಅಂಥವರನ್ನು ಗುರುತಿಸಲು, ನೀವು ತರಬೇತಿ ಕೊಡುವ ಕಾಲೇಜು ತಂಡದಲ್ಲೂ ಬಳಸಬಹುದಾದ ಲೆಕ್ಕ ಏನಾದರೂ ಇದೆಯೇ?

ಮೊದಲು ನಿಮ್ಮ ಮೂವರ ವಿಷಯ. ನಮಗೆ ಒಪ್ಪಿಗೆ ಇಲ್ಲ. ರಾಡ್ಮನ್ 1992ರಿಂದ 1998ರವರೆಗೆ ಸತತ ಏಳು ಸೀಸನ್ ರೀಬೌಂಡ್‌ನಲ್ಲಿ (ಗುರಿ ತಪ್ಪಿ ಬಂದ ಚೆಂಡನ್ನು ಹಿಡಿಯುವುದರಲ್ಲಿ) ಲೀಗಿಗೇ ಮೊದಲಿಗ, 2011ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು. ಅವರ ಕೂದಲಿನ ಬಣ್ಣ ಗೊತ್ತಿಲ್ಲದವರಿಲ್ಲ. ಕುಕೋಚ್‌ಗೆ 1996ರಲ್ಲಿ ಅತ್ಯುತ್ತಮ ಆರನೇ ಆಟಗಾರ (ಬೆಂಚಿನಿಂದ ಇಳಿಯುವವನು) ಪ್ರಶಸ್ತಿ ಬಂತು, 2021ರಲ್ಲಿ ಹಾಲ್ ಆಫ್ ಫೇಮ್ ಕೂಡ ಸಿಕ್ಕಿತು. ತಡವಾಯಿತು ಎನ್ನಬಹುದು, ಸಿಗಲೇ ಇಲ್ಲ ಎನ್ನುವಂತಿಲ್ಲ. ಕೆರ್ ಅಂತೂ 1997ರ ಫೈನಲ್ಸ್‌ನ ಆರನೇ ಪಂದ್ಯದ ಆ ಒಂದು ಗೆಲುವಿನ ಶಾಟ್‌ನಿಂದಲೇ ಎಲ್ಲರ ನೆನಪಿನಲ್ಲಿ ಉಳಿದಿದ್ದಾರೆ. ಈ ಮೂವರೂ ತಾರೆಗಳ ಪಕ್ಕ ನಿಂತವರು ನಿಜ, ಆದರೆ ಬೆಳಕು ಅವರ ಮೇಲೂ ಬಿದ್ದಿದೆ.

ನಮ್ಮ ಪ್ರಕಾರ ಆಟಗಾರನಿಗೆ ನಿಜವಾದ ಅನ್ಯಾಯವಾಗುವುದು ಅವನು ಮಾಡುವ ಕೆಲಸಕ್ಕೆ ಆ ಕಾಲದ ಸ್ಕೋರ್‌ಶೀಟಿನಲ್ಲಿ ಕಾಲಂ ಇಲ್ಲದಾಗ. ಎನ್‌ಬಿಎ ಏನನ್ನು ಯಾವಾಗಿನಿಂದ ಬರೆದಿಟ್ಟಿತು ಎಂಬುದನ್ನು ಒಮ್ಮೆ ನೋಡಿ. ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಶಾಟ್ ತಡೆಯುವುದು), ಆಫೆನ್ಸಿವ್ ರೀಬೌಂಡ್ (ತಮ್ಮದೇ ತಂಡದ ತಪ್ಪಿದ ಶಾಟ್ ಹಿಡಿಯುವುದು) ಮೂರನ್ನೂ ಎಣಿಸತೊಡಗಿದ್ದು 1973-74ರಲ್ಲಿ. ಒಬ್ಬೊಬ್ಬ ಆಟಗಾರನ ಟರ್ನೋವರ್ (ಚೆಂಡು ಕಳೆದುಕೊಂಡದ್ದು) ಎಣಿಕೆ 1977-78ರಿಂದ. ದೂರದ ಶಾಟ್‌ಗೆ ಮೂರು ಪಾಯಿಂಟ್ ಕೊಡುವ ಗೆರೆ ಬಂದಿದ್ದು 1979-80ರಲ್ಲಿ. ಅಂಗಣದಲ್ಲಿ ಅವನಿದ್ದಾಗ ತಂಡ ಎಷ್ಟು ಮುಂದೆ, ಎಷ್ಟು ಹಿಂದೆ ಎನ್ನುವ ಪ್ಲಸ್-ಮೈನಸ್ ಲೆಕ್ಕ ನೆಮ್ಮದಿಯಾಗಿ ಸಿಗುವುದು 1996-97ರ ಈಚೆಗೆ. ಚಾರ್ಜ್ ತೆಗೆದುಕೊಂಡದ್ದು, ಪಾಸಿಗೆ ಕೈ ತಾಗಿಸಿ ಕೆಡಿಸಿದ್ದು, ಸ್ಕ್ರೀನ್ ಹಾಕಿ (ಕಾಯುವವನಿಗೆ ಅಡ್ಡ ನಿಂತು) ಜೊತೆಗಾರನಿಗೆ ಬ್ಯಾಸ್ಕೆಟ್ ದೊರಕಿಸಿದ್ದು, ಇವನ್ನು ಲೀಗ್ ಅಧಿಕೃತವಾಗಿ ಪ್ರಕಟಿಸತೊಡಗಿದ್ದು 2016ರ ಪ್ಲೇಆಫ್‌ನಿಂದ. ಈ ಇಸವಿಗಳನ್ನು ಪಕ್ಕದಲ್ಲಿಟ್ಟುಕೊಂಡು ಬುಲ್ಸ್ ಇತಿಹಾಸ ಓದಿದರೆ ಹೆಸರುಗಳು ತಾವಾಗಿಯೇ ಮೇಲೆ ಬರುತ್ತವೆ.

ಜೆರಿ ಸ್ಲೋನ್ ಅವರಿಂದ ಶುರು ಮಾಡೋಣ. 1966ರಲ್ಲಿ ಬುಲ್ಸ್ ಹುಟ್ಟಿದಾಗ ಬಾಲ್ಟಿಮೋರ್ ಬುಲೆಟ್ಸ್ ತಂಡದಿಂದ ಎಕ್ಸ್‌ಪಾನ್ಷನ್ ಡ್ರಾಫ್ಟ್‌ನಲ್ಲಿ (ಹೊಸ ತಂಡ ಹಳೆಯ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಬಂದ 6 ಅಡಿ 5 ಅಂಗುಲದ ಗಾರ್ಡ್, ಅಂದರೆ ಚೆಂಡು ಮುಂದೊಯ್ಯುವ ಹೊರಗಿನ ಆಟಗಾರ. ‘ಮೊದಲ ಬುಲ್’ ಎಂದೇ ಅವರಿಗೆ ಹೆಸರು. ಇಂದಿನವರಿಗೆ ಅವರು ಯೂಟಾ ಜಾಝ್ ತಂಡದ ಕೋಚ್ ಆಗಿದ್ದವರು, 1997 ಮತ್ತು 1998ರಲ್ಲಿ ಇದೇ ಬುಲ್ಸ್ ಎದುರು ಫೈನಲ್ಸ್ ಸೋತವರು. ಹಾಲ್ ಆಫ್ ಫೇಮ್‌ಗೆ ಸೇರಿದ್ದೂ ಕೋಚ್ ಆಗಿಯೇ, 2009ರಲ್ಲಿ. ಆಟಗಾರ ಸ್ಲೋನ್ ಅಂಕಿಅಂಶ ನೋಡಿದರೆ ಪಂದ್ಯಕ್ಕೆ ಸುಮಾರು 14 ಪಾಯಿಂಟ್, 7 ಚಿಲ್ಲರೆ ರೀಬೌಂಡ್. ಒಳ್ಳೆಯದೇ, ಆದರೆ ಕಣ್ಣರಳಿಸುವಂಥದ್ದಲ್ಲ. ಅವರು ಆಡಿದ್ದು 11 ಸೀಸನ್. ಅದರಲ್ಲಿ ಮೊದಲ ಎಂಟರಲ್ಲಿ ಸ್ಟೀಲ್ ಎಣಿಸುವವರೇ ಇರಲಿಲ್ಲ! ಎಣಿಕೆ ಶುರುವಾದಾಗ ಅವರಿಗೆ 31 ದಾಟಿತ್ತು, ಮೊಣಕಾಲು ಸವೆದಿತ್ತು. ಆದರೂ ಉಳಿದ ಮೂರು ಸೀಸನ್‌ಗಳ ಸರಾಸರಿ ಪಂದ್ಯಕ್ಕೆ 2.2 ಸ್ಟೀಲ್. ಕಾಲು ಗಟ್ಟಿಯಿದ್ದ ಇಪ್ಪತ್ತಾರು-ಇಪ್ಪತ್ತೇಳರ ವಯಸ್ಸಿನಲ್ಲಿ ಎಷ್ಟಿದ್ದಿರಬಹುದು, ನೀವೇ ಊಹಿಸಿ.

ಸ್ಲೋನ್ ಅವರ ದೊಡ್ಡ ಅಸ್ತ್ರ ಚಾರ್ಜ್. ಡ್ರೈವ್ ಮಾಡಿ ಬರುವವನ ದಾರಿಯಲ್ಲಿ ಎರಡೂ ಪಾದ ಊರಿ, ಎದೆ ಕೊಟ್ಟು ನಿಂತು, ಗುದ್ದಿಸಿಕೊಂಡು ಬೀಳುವುದು. ಒಂದು ಚಾರ್ಜ್ ಸಿಕ್ಕರೆ ಎದುರಾಳಿಗೆ ಒಂದು ಫೌಲ್, ಅವರ ಒಂದು ಪೊಸೆಷನ್ (ಚೆಂಡು ಕೈಲಿರುವ ಸರದಿ) ನಷ್ಟ, ಚೆಂಡು ನಮ್ಮದು, ಮೂರೂ ಒಟ್ಟಿಗೆ. ಸ್ಟೀಲ್‌ನಲ್ಲಿ ಫೌಲ್ ಸಿಗುವುದಿಲ್ಲ. ಹಾಗೆ ನೋಡಿದರೆ ಚಾರ್ಜ್ ಬೆಲೆ ಸ್ಟೀಲ್‌ಗಿಂತ ಒಂದು ಕೈ ಹೆಚ್ಚೇ. ಸ್ಲೋನ್ ನಿವೃತ್ತರಾಗಿದ್ದು 1976ರಲ್ಲಿ. ಅವರು ಮೈ ಕೊಟ್ಟು ಮಾಡಿದ ಕೆಲಸಕ್ಕೆ ಲೀಗಿನ ಹಾಳೆಯಲ್ಲಿ ಜಾಗ ಸಿಕ್ಕಿದ್ದು ಅದಾಗಿ ನಲವತ್ತು ವರ್ಷಕ್ಕೆ. ಕಣ್ಣಾರೆ ನೋಡಿದವರಿಗೆ ಮಾತ್ರ ಗೊತ್ತಿತ್ತು: 1968-69ರಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರರ ಆಲ್-ಡಿಫೆನ್ಸಿವ್ ತಂಡದ ಆಯ್ಕೆ ಶುರುವಾದ ಮೇಲೆ ಅದರಲ್ಲಿ ಅವರ ಹೆಸರು ಆರು ಸಲ ಬಂತು, ನಾಲ್ಕು ಸಲ ಮೊದಲ ತಂಡದಲ್ಲೇ.

ಸ್ಲೋನ್‌ಗೆ ಕಡೇಪಕ್ಷ 4ನೇ ನಂಬರಿನ ಜೆರ್ಸಿ ನಿವೃತ್ತವಾಗಿ ಅಂಗಣದ ಸೂರಿಗೆ ಏರಿತು, ಬುಲ್ಸ್ ಇತಿಹಾಸದಲ್ಲೇ ಮೊದಲು. ಅವರ ಜೋಡಿ ಗಾರ್ಡ್ ನಾರ್ಮ್ ವ್ಯಾನ್ ಲಿಯರ್‌ಗೆ ಅದೂ ಇಲ್ಲ. 6 ಅಡಿ 1 ಅಂಗುಲದ ಆಳು. 1969ರಲ್ಲಿ ಬುಲ್ಸ್ ಡ್ರಾಫ್ಟ್ ಮಾಡಿ, ಒಂದು ಪಂದ್ಯವನ್ನೂ ಆಡಿಸದೆ ಸಿನ್ಸಿನಾಟಿ ರಾಯಲ್ಸ್‌ಗೆ ಕೊಟ್ಟುಬಿಟ್ಟಿತು. ಅಲ್ಲಿ 1970-71ರಲ್ಲಿ ಪಂದ್ಯಕ್ಕೆ 10.1 ಅಸಿಸ್ಟ್ (ಬ್ಯಾಸ್ಕೆಟ್‌ಗೆ ದಾರಿ ಮಾಡಿದ ಪಾಸ್), ಲೀಗಿನಲ್ಲೇ ಅತಿ ಹೆಚ್ಚು. ಮಾರನೇ ಸೀಸನ್ ಬುಲ್ಸ್ ತಾನು ಬಿಟ್ಟವರನ್ನು ತಾನೇ ವಾಪಸ್ ಕರೆತಂದಿತು. ಎಂಟು ಸಲ ಆಲ್-ಡಿಫೆನ್ಸಿವ್, ಮೂರು ಸಲ ಆಲ್-ಸ್ಟಾರ್. 1974ರಲ್ಲಂತೂ ಒಂದೇ ತಂಡದ ಈ ಇಬ್ಬರು ಗಾರ್ಡ್‌ಗಳೂ ಆಲ್-ಡಿಫೆನ್ಸಿವ್ ಮೊದಲ ತಂಡದಲ್ಲಿದ್ದರು.

ವ್ಯಾನ್ ಲಿಯರ್ ಹಿಂದೆ ಬಿದ್ದದ್ದಕ್ಕೆ ಇನ್ನೊಂದು ಕಾರಣ ಡಿಕ್ ಮೊಟ್ಟಾ ಅವರ ಆಟದ ಕ್ರಮ. 1968ರಿಂದ 1976ರವರೆಗೆ ಕೋಚ್ ಆಗಿದ್ದ ಮೊಟ್ಟಾ ಸ್ಕೋರಿಂಗ್ ಹೊಣೆಯನ್ನು ಫಾರ್ವರ್ಡ್‌ಗಳಿಗೆ ಕೊಟ್ಟಿದ್ದರು. ಗಾರ್ಡ್‌ಗಳು ಚೆಂಡು ತರಬೇಕು, ಸ್ಕ್ರೀನ್ ಹಾಕಬೇಕು, ಡಿಫೆನ್ಸ್‌ಗೆ ಮೊದಲು ಓಡಿ ಹಿಂದಿರುಗಬೇಕು. ಗಾರ್ಡ್ ಎಂದರೆ ಪಾಯಿಂಟ್ ಹೊಡೆಯುವವನು ಎಂದುಕೊಂಡು ಹಳೆಯ ಅಂಕಿ ತಿರುವುವವರಿಗೆ ವ್ಯಾನ್ ಲಿಯರ್ ಸಾಧಾರಣ ಎನಿಸುವುದು ಇದಕ್ಕೇ. ಇಡೀ ತಂಡದ ಇತಿಹಾಸದಲ್ಲಿ ಒಂದೇ ಹೆಸರು ಹೇಳಿ ಎಂದರೆ ನಮ್ಮ ಮತ ಇವರಿಗೆ.

ಆ ತಂಡ ಎಂಥದ್ದು ಅಂದರೆ, 1970-71ರಿಂದ ಸಾಲಾಗಿ ನಾಲ್ಕು ಸೀಸನ್ 51, 57, 51, 54 ಗೆಲುವು. 1975ರಲ್ಲಿ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು 3-2 ಮುಂದಿದ್ದು, ಕೊನೆಯ ಎರಡೂ ಪಂದ್ಯ ಸೋತರು. (ಹೌದು, ಆಗ ಬುಲ್ಸ್ ವೆಸ್ಟ್‌ನಲ್ಲಿತ್ತು.) ವಾರಿಯರ್ಸ್ ಆ ವರ್ಷ ಚಾಂಪಿಯನ್ ಆದರು. ಆ ಎರಡರಲ್ಲಿ ಒಂದು ಗೆದ್ದಿದ್ದರೆ ಇವತ್ತು ಈ ಪತ್ರ ವ್ಯವಹಾರವೇ ಬೇಕಿರಲಿಲ್ಲವೇನೋ.

ಅದೇ ತಂಡದ ಬಾಬ್ ಲವ್ ಬುಲ್ಸ್ ಪರ 12,623 ಪಾಯಿಂಟ್ ಗಳಿಸಿದವರು. ಅವರಿಗಿಂತ ಮುಂದಿರುವವರು ಜೋರ್ಡನ್, ಪಿಪ್ಪೆನ್ ಇಬ್ಬರೇ. 1971-72ರಲ್ಲಿ ಪಂದ್ಯಕ್ಕೆ 25.8. ಸ್ಕ್ರೀನ್ ಸುತ್ತಿ ಬಂದು, ಚೆಂಡು ಕೈಗೆ ಬಿದ್ದ ಕೂಡಲೇ ಜಂಪ್ ಶಾಟ್. ಪಾಯಿಂಟಿಗೆ ಕಾಲಂ ಇದ್ದೇ ಇತ್ತಲ್ಲ, ಹಾಗಾದರೆ ಇವರೇಕೆ ಮರೆಯಾದರು ಎಂದರೆ, ಬಾಯಿ. ತೀವ್ರ ತೊದಲಿನಿಂದಾಗಿ ಪಂದ್ಯದ ನಂತರ ಮೈಕಿನ ಮುಂದೆ ಮಾತಾಡಲಾಗುತ್ತಿರಲಿಲ್ಲ, ವರದಿಗಾರರು ಬೇರೆಯವರ ಬಳಿ ಹೋಗುತ್ತಿದ್ದರು. ಆಟ ಬಿಟ್ಟ ಮೇಲೆ ಸಿಯಾಟಲ್‌ನ ಒಂದು ಅಂಗಡಿಯ ಉಪಾಹಾರ ಗೃಹದಲ್ಲಿ ಮೇಜು ಒರೆಸಿ ತಟ್ಟೆ ತೊಳೆದರು. ಅಲ್ಲೇ ಕೆಲಸ ಮಾಡುತ್ತಾ ಮಾತಿನ ಚಿಕಿತ್ಸೆ ಪಡೆದು, ಮುಂದೆ ಬುಲ್ಸ್ ಸಂಸ್ಥೆಗೇ ಮರಳಿ ಊರೂರು ತಿರುಗಿ ಭಾಷಣ ಮಾಡುವ ಹುದ್ದೆ ವಹಿಸಿಕೊಂಡರು. 1994ರಲ್ಲಿ ಅವರ 10ನೇ ನಂಬರ್ ನಿವೃತ್ತವಾಯಿತು. ಜೊತೆಯ ಫಾರ್ವರ್ಡ್ ಚೆಟ್ ವಾಕರ್ 1972ರ ಫೆಬ್ರವರಿಯಲ್ಲಿ ಸಿನ್ಸಿನಾಟಿ ಎದುರು ಹೊಡೆದ 56 ಪಾಯಿಂಟ್ ಜೋರ್ಡನ್ ಬರುವವರೆಗೂ ತಂಡದ ದಾಖಲೆಯಾಗಿತ್ತು. ಹಾಲ್ ಆಫ್ ಫೇಮ್ ಮಾತ್ರ 2012ಕ್ಕೆ. ಸೆಂಟರ್ ಟಾಮ್ ಬೋರ್‌ವಿಂಕಲ್ 1970ರ ಜನವರಿಯಲ್ಲಿ ಫೀನಿಕ್ಸ್ ಎದುರು ಒಂದೇ ಪಂದ್ಯದಲ್ಲಿ 37 ರೀಬೌಂಡ್ ಹಿಡಿದಿದ್ದಾರೆ. ಇಂಥ ಸಂಖ್ಯೆ ಕಂಡಾಗ ಸ್ವಲ್ಪ ತಡೆದು ನೋಡಬೇಕು. ಆಗ ಆಟದ ವೇಗ ಹೆಚ್ಚು, ಗುರಿ ತಪ್ಪಿದ ಶಾಟ್‌ಗಳೂ ಹೆಚ್ಚು, ಹಾಗಾಗಿ ಹಿಡಿಯಲು ಸಿಗುವ ರೀಬೌಂಡ್ ಕೂಡ ಹೆಚ್ಚು. ಬೋರ್‌ವಿಂಕಲ್ ನಿಜವಾದ ಬೆಲೆ ಇದ್ದದ್ದು ಹೈ ಪೋಸ್ಟ್‌ನಲ್ಲಿ (ಬ್ಯಾಸ್ಕೆಟ್‌ನಿಂದ ಸ್ವಲ್ಪ ಹೊರಗೆ) ನಿಂತು, ಬ್ಯಾಸ್ಕೆಟ್ ಕಡೆಗೆ ಥಟ್ಟನೆ ತಿರುಗಿ ಓಡುವ ಲವ್ ಮತ್ತು ವಾಕರ್‌ಗೆ ಕೊಡುತ್ತಿದ್ದ ಪಾಸ್‌ಗಳಲ್ಲಿ.

ಆರ್ಟಿಸ್ ಗಿಲ್ಮೋರ್ ಕಥೆ ಬೇರೆ. ಅವರಿಗೆ ಕಾಲಂ ಇತ್ತು, ನೋಡುಗರಿರಲಿಲ್ಲ. 1976ರಲ್ಲಿ ಪ್ರತಿಸ್ಪರ್ಧಿ ಲೀಗ್ ಎಬಿಎ ಮುಚ್ಚಿದಾಗ ಅದರ ಆಟಗಾರರ ಹಂಚಿಕೆ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಬುಲ್ಸ್‌ಗೆ ಬಂದ 7 ಅಡಿ 2 ಅಂಗುಲದ ಎಡಗೈ ಸೆಂಟರ್. ಮೊದಲ ಸೀಸನ್ನಿನ ಕೊನೆಯ 24 ಪಂದ್ಯಗಳಲ್ಲಿ ತಂಡ 20 ಗೆದ್ದಿತು. 1980-81ರಲ್ಲಿ ಫೀಲ್ಡ್ ಗೋಲ್ (ಬ್ಯಾಸ್ಕೆಟ್‌ಗೆ ಬಿದ್ದ ಶಾಟ್) 67.0 ಶೇಕಡ. ಅಲ್ಲಿಂದ ಸತತ ನಾಲ್ಕು ಸೀಸನ್ ಲೀಗಿಗೇ ಮೊದಲಿಗರು, ಮೊದಲೆರಡು ಬುಲ್ಸ್‌ನಲ್ಲಿ, ಮುಂದಿನ ಎರಡು ಸ್ಯಾನ್ ಆಂಟೋನಿಯೊದಲ್ಲಿ. ಬರೀ ಡಂಕ್ ಮಾಡಿದರೆ (ಚೆಂಡನ್ನು ನೇರ ಬ್ಯಾಸ್ಕೆಟ್‌ಗೆ ತುರುಕಿದರೆ) ಯಾರಿಗಾದರೂ ಈ ಶೇಕಡ ಬರುತ್ತದೆ ಎಂಬ ಗೊಣಗಾಟವಿದೆ. ಬ್ಯಾಸ್ಕೆಟ್ ಹತ್ತಿರ ಜಾಗ ಹಿಡಿದು, ಇಬ್ಬರು ಮೈಮೇಲೆ ಬಿದ್ದಾಗಲೂ ಅಲ್ಲೇ ಚೆಂಡು ಪಡೆಯುವುದೇ ಅರ್ಧ ವಿದ್ಯೆ ಎಂಬುದನ್ನು ಪೋಸ್ಟ್‌ನಲ್ಲಿ ಆಡಿದ ಯಾರಾದರೂ ಹೇಳುತ್ತಾರೆ. ಕರೀಂ, ವಾಲ್ಟನ್, ಮೋಸೆಸ್ ಮಲೋನ್‌ರಂಥ ಹೆಸರಾಂತ ಸೆಂಟರ್‌ಗಳಿದ್ದ ಕಾಲ, ಜೊತೆಗೆ ಸೋಲುವ ತಂಡ. 1988ರಲ್ಲಿ ಎನ್‌ಬಿಎ ಬಿಟ್ಟವರನ್ನು ಹಾಲ್ ಆಫ್ ಫೇಮ್ ಕರೆದದ್ದು 2011ರಲ್ಲಿ.

ಈಗ ನಿಮ್ಮ ಪ್ರೀತಿಯ ಚಾಂಪಿಯನ್‌ಷಿಪ್ ಕಾಲಕ್ಕೆ ಬರೋಣ. ಇಲ್ಲಿ ನಮ್ಮ ಹೆಸರು ಹೊರೇಸ್ ಗ್ರಾಂಟ್. 1993ರ ಫೈನಲ್ಸ್‌ನ ಆರನೇ ಪಂದ್ಯವನ್ನು ತೆಗೆದುಕೊಳ್ಳಿ. ಸ್ಕೋರ್‌ಶೀಟಿನಲ್ಲಿ ಗ್ರಾಂಟ್ ಹೆಸರಿನ ಮುಂದೆ ಒಂದೇ ಒಂದು ಪಾಯಿಂಟ್. ಕೊನೆಯ 14.1 ಸೆಕೆಂಡ್ ಇರುವಾಗ ಫೀನಿಕ್ಸ್ 98, ಬುಲ್ಸ್ 96. ನಾಲ್ಕನೇ ಕ್ವಾರ್ಟರಿನಲ್ಲಿ ಅಲ್ಲಿಯವರೆಗೆ ಬುಲ್ಸ್ ಗಳಿಸಿದ್ದ ಒಂಬತ್ತೂ ಪಾಯಿಂಟ್ ಜೋರ್ಡನ್ ಅವರದ್ದೇ. ಹಾಗಾಗಿ ಎಲ್ಲರ ಕಣ್ಣು ಅವರ ಮೇಲೆ. ಚೆಂಡು ಜೋರ್ಡನ್‌ನಿಂದ ಪಿಪ್ಪೆನ್‌ಗೆ, ಪಿಪ್ಪೆನ್ ಒಳನುಗ್ಗಿ ಬೇಸ್‌ಲೈನ್ ಕಡೆಯ ಗ್ರಾಂಟ್‌ಗೆ. ಗ್ರಾಂಟ್ ಬ್ಯಾಸ್ಕೆಟ್ ಪಕ್ಕದಲ್ಲೇ ಇದ್ದಾರೆ, ಹಾಕಬಹುದಿತ್ತು. ಆದರೆ ಡ್ಯಾನಿ ಏಂಜ್ ತಾನು ಕಾಯುತ್ತಿದ್ದ ಜಾನ್ ಪ್ಯಾಕ್ಸನ್ ಅವರನ್ನು ಬಿಟ್ಟು ಒಳಗೆ ಸರಿದದ್ದು ಕಂಡಿತು, ಚೆಂಡು ಹೊರಗೆ ಬಂತು. ಪ್ಯಾಕ್ಸನ್ ಮೂರು ಪಾಯಿಂಟ್, 99-98, ಉಳಿದದ್ದು 3.9 ಸೆಕೆಂಡ್. ಎಲ್ಲರೂ ನೆನಪಿಡುವುದು ಇಲ್ಲಿಗೆ. ಆಮೇಲೆ ಕೆವಿನ್ ಜಾನ್ಸನ್ ಕೊನೆಯ ಶಾಟ್‌ಗೆ ಎದ್ದಾಗ ಕೈ ಇಟ್ಟು ತಡೆದದ್ದೂ ಗ್ರಾಂಟೇ. ಒಂದು ಪಾಯಿಂಟ್‌ನ ಆಟಗಾರ, ಪಂದ್ಯ ತೀರ್ಮಾನಿಸಿದ ಕೊನೆಯ ಎರಡು ಕೆಲಸವೂ ಅವನವೇ.

ಗ್ರಾಂಟ್ ಬೆಲೆ ಡಿಫೆನ್ಸ್‌ನಲ್ಲಿ ಇನ್ನೂ ದೊಡ್ಡದು. 6 ಅಡಿ 10 ಅಂಗುಲದವನು ಗಾರ್ಡ್‌ನ ಜೊತೆ ಅರ್ಧ ಅಂಗಣ ಓಡಿ ಟ್ರ್ಯಾಪ್ ಹಾಕಿ (ಇಬ್ಬರೂ ಸೇರಿ ಚೆಂಡಿನವನನ್ನು ಸುತ್ತುವರಿದು), ಚೆಂಡು ತಪ್ಪಿಸಿಕೊಂಡರೆ ಹಿಂದಕ್ಕೋಡಿ ತನ್ನ ಆಳನ್ನು ಹಿಡಿಯುತ್ತಿದ್ದ. ಜೋರ್ಡನ್, ಪಿಪ್ಪೆನ್ ಪಾಸಿಂಗ್ ಲೇನ್‌ಗೆ ಹಾರಿ ಜೂಜಾಡಬಹುದಿತ್ತೆಂದರೆ ಹಿಂದೆ ಗ್ರಾಂಟ್ ಇದ್ದಾನೆಂಬ ಧೈರ್ಯದಿಂದ. ಸ್ಟೀಲ್ ಅವರ ಖಾತೆಗೆ, ಓಟ ಇವನ ಖಾತೆಗೆ. 1993-94ರಲ್ಲಿ ಜೋರ್ಡನ್ ಇಲ್ಲದೆಯೂ ಬುಲ್ಸ್ 55 ಪಂದ್ಯ ಗೆದ್ದಾಗ ಗ್ರಾಂಟ್ ಸರಾಸರಿ 15.1 ಪಾಯಿಂಟ್, 11.0 ರೀಬೌಂಡ್. ಆ ಬೇಸಿಗೆಯಲ್ಲಿ ಅವರು ಒರ್ಲ್ಯಾಂಡೊಗೆ ಹೋದರು. 1995ರಲ್ಲಿ ಜೋರ್ಡನ್ ಮರಳಿದ್ದರೂ ಒರ್ಲ್ಯಾಂಡೊ ಬುಲ್ಸ್ ಅನ್ನು ಆರು ಪಂದ್ಯದಲ್ಲಿ ಮನೆಗೆ ಕಳಿಸಿತು. ಶಿಕಾಗೊ ಅಂಗಣದಲ್ಲೇ ಗ್ರಾಂಟ್‌ರನ್ನು ಹೆಗಲ ಮೇಲೆ ಹೊತ್ತರು. ಬುಲ್ಸ್ ಆಡಳಿತ ಅದೇ ಅಕ್ಟೋಬರ್‌ನಲ್ಲಿ ರಾಡ್ಮನ್ ತಂದದ್ದು ಈ ತೂತು ಮುಚ್ಚಲೆಂದೇ. ನಿಮ್ಮ ಪಟ್ಟಿಯ ಮೊದಲ ಹೆಸರಿನ ಹಿಂದೆ ನಮ್ಮ ಪಟ್ಟಿಯ ಹೆಸರಿದೆ ನೋಡಿ.

ರಾನ್ ಹಾರ್ಪರ್ ಅವರನ್ನೂ ಬಿಡುವಂತಿಲ್ಲ. 1993-94ರಲ್ಲಿ ಕ್ಲಿಪ್ಪರ್ಸ್‌ಗೆ ಪಂದ್ಯಕ್ಕೆ 20 ಪಾಯಿಂಟ್ ಹೊಡೆಯುತ್ತಿದ್ದವರು ಬುಲ್ಸ್‌ಗೆ ಬಂದು ಏಳರ ಆಸುಪಾಸಿಗೆ ಇಳಿದರು. ಹಾಳೆ ನೋಡಿದವರು ಮುಗಿಯಿತು ಇವರ ಆಟ ಎಂದರು. ಬುಲ್ಸ್‌ನ ಸಹಾಯಕ ಕೋಚ್ ಟೆಕ್ಸ್ ವಿಂಟರ್ ಅವರ ಟ್ರಯಾಂಗಲ್ ಎಂಬ ಆಟದ ಕ್ರಮದಲ್ಲಿ ಪೋಸ್ಟ್ (ಬ್ಯಾಸ್ಕೆಟ್ ಹತ್ತಿರ), ವಿಂಗ್ (ಪಕ್ಕ), ಕಾರ್ನರ್ (ಮೂಲೆ) ಮೂವರ ನಡುವೆ 15ರಿಂದ 18 ಅಡಿ ಅಂತರವಿರಬೇಕು, ಪಾಸ್ ಎದುರಾಳಿಯ ತಲೆಯ ಮೇಲಿಂದ ಹೋಗಬೇಕು. ಅದಕ್ಕೆ ಕುಳ್ಳ ಪಾಯಿಂಟ್ ಗಾರ್ಡ್‌ಗಿಂತ 6 ಅಡಿ 6 ಅಂಗುಲದ ಹಾರ್ಪರ್ ಸರಿ. 1996ರ ಫೈನಲ್ಸ್‌ನಲ್ಲಿ ಬುಲ್ಸ್ 3-0 ಮುಂದಿತ್ತು. ಮೊಣಕಾಲು ನೋವಿನಿಂದ ಹಾರ್ಪರ್ ಹೆಚ್ಚುಕಮ್ಮಿ ಆಡದ ನಾಲ್ಕು ಮತ್ತು ಐದನೇ ಪಂದ್ಯ ಎರಡೂ ಸೋಲು. ಎದುರಾಳಿ ಸಿಯಾಟಲ್‌ನ ಗ್ಯಾರಿ ಪೇಟನ್ ಜೋರ್ಡನ್ ಅವರನ್ನು ಕಾಯತೊಡಗಿದ್ದೂ ಆಗಲೇ, ಪೂರ್ತಿ ಶ್ರೇಯ ಹಾರ್ಪರ್ ಗೈರುಹಾಜರಿಗೇ ಕಟ್ಟಲಾಗದು. ಆರನೇ ಪಂದ್ಯಕ್ಕೆ ಕಾಲು ಕಟ್ಟಿಕೊಂಡು 38 ನಿಮಿಷ ಆಡಿದರು, ಬುಲ್ಸ್ 87-75.

ಈಚಿನವರಲ್ಲಿ ಲುವೊಲ್ ಡೆಂಗ್. 2011-12ರಲ್ಲಿ ಪಂದ್ಯಕ್ಕೆ 39.4 ನಿಮಿಷ, ಲೀಗಿನಲ್ಲೇ ಅತಿ ಹೆಚ್ಚು, ಅದೂ ಎಡ ಮಣಿಕಟ್ಟಿನ ಲಿಗಮೆಂಟ್ ಹರಿದುಕೊಂಡು. ಎದುರಾಳಿಯ ಅತ್ಯುತ್ತಮ ವಿಂಗ್ ಆಟಗಾರನನ್ನು ಕಾಯುವ ಕೆಲಸ ಪ್ರತಿ ರಾತ್ರಿ ಅವರದ್ದೇ, ಅದರಲ್ಲಿ ಲೆಬ್ರಾನ್ ಕೂಡ ಸೇರಿದ. ಆ ತಂಡದ ತಾರೆ ಡೆರಿಕ್ ರೋಸ್ ಎದ್ದದ್ದು, ಬಿದ್ದದ್ದರ ಸದ್ದಿನಲ್ಲಿ ಇದು ಮುಳುಗಿಹೋಯಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ಹುಡುಗರ ಪಂದ್ಯಕ್ಕೆ ಮಾಮೂಲಿ ಸ್ಕೋರ್‌ಶೀಟ್ ಜೊತೆ ಇನ್ನೊಂದು ಹಾಳೆ ಇಡಿ, ಐದು ಕಾಲಂ ಸಾಕು: ಡಿಫ್ಲೆಕ್ಷನ್, ಚಾರ್ಜ್, ಸ್ಕ್ರೀನ್‌ನಿಂದ ಬಂದ ಬ್ಯಾಸ್ಕೆಟ್, ಬಾಕ್ಸ್ ಔಟ್ (ರೀಬೌಂಡ್‌ಗೆ ಬರುವ ಎದುರಾಳಿಯನ್ನು ಮೈಯಿಂದ ತಡೆದಿಡುವುದು), ಅಸಿಸ್ಟ್‌ಗೆ ಹಿಂದಿನ ಪಾಸ್. ಬರೆಯಲು ಇಬ್ಬರು ಬೇಕು, ಒಬ್ಬ ಆಫೆನ್ಸ್‌ಗೆ, ಒಬ್ಬ ಡಿಫೆನ್ಸ್‌ಗೆ. ಒಬ್ಬನಿಗೇ ಕೊಟ್ಟರೆ ಅವನ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಬಾಕ್ಸ್ ಔಟ್ ಕಾಲಂ ಖಾಲಿ ಉಳಿಯುತ್ತದೆ. ಅರ್ಥ ಮೊದಲೇ ನಿಗದಿ ಮಾಡಿ. ಶಾಟ್ ಅಲ್ಲದ ಚೆಂಡಿಗೆ ಕೈ ತಾಗಿ ದಿಕ್ಕು ತಪ್ಪಿದರೆ ಡಿಫ್ಲೆಕ್ಷನ್, ಶಾಟ್‌ಗೆ ತಾಗಿದರೆ ಅದು ಬ್ಲಾಕ್, ಇಲ್ಲಿ ಬರೆಯಬಾರದು. ಸ್ಕ್ರೀನ್ ಹಾಕಿದ ಕೂಡಲೇ ಬ್ಯಾಸ್ಕೆಟ್ ಬಿದ್ದರೆ ಮಾತ್ರ ಗುರುತು, ಮೂರು ಪಾಸ್ ಆದ ಮೇಲೆ ಬಿದ್ದದ್ದಕ್ಕಲ್ಲ.

ಬೆಂಚಿನ ಹುಡುಗನನ್ನೂ ಮೊದಲ ಐವರನ್ನೂ ಹೋಲಿಸಲು ಪೊಸೆಷನ್ ಲೆಕ್ಕ ಬೇಕು. ತಂಡದ ಫೀಲ್ಡ್ ಗೋಲ್ ಪ್ರಯತ್ನಕ್ಕೆ ಫ್ರೀ ಥ್ರೋ (ಫೌಲ್‌ಗೆ ಸಿಗುವ ಶಾಟ್) ಪ್ರಯತ್ನದ 0.44 ಪಾಲು ಕೂಡಿಸಿ, ಆಫೆನ್ಸಿವ್ ರೀಬೌಂಡ್ ಕಳೆದು, ಟರ್ನೋವರ್ ಕೂಡಿಸಿ. ಉದಾಹರಣೆಗೆ 62 ಶಾಟ್, 18 ಫ್ರೀ ಥ್ರೋ, 11 ಆಫೆನ್ಸಿವ್ ರೀಬೌಂಡ್, 15 ಟರ್ನೋವರ್ ಎಂದರೆ 62 + 7.92 − 11 + 15, ಸುಮಾರು 74 ಪೊಸೆಷನ್. ಎದುರಾಳಿಗೂ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ. 40 ನಿಮಿಷದ ಪಂದ್ಯದಲ್ಲಿ 22 ನಿಮಿಷ ಆಡಿದವನ ಪಾಲಿಗೆ ಸುಮಾರು 41. ಅವನ ಡಿಫ್ಲೆಕ್ಷನ್ 4 ಇದ್ದರೆ 100 ಪೊಸೆಷನ್‌ಗೆ 10ರ ಹತ್ತಿರ. ಎನ್‌ಬಿಎ ಅಂಕಿಗಳನ್ನು ಪಕ್ಕದಲ್ಲಿಡುವಾಗ ಅವರ ಪಂದ್ಯ 48 ನಿಮಿಷ ಎಂಬುದು ನೆನಪಿರಲಿ.

ಕೆಡುವುದು ಎಲ್ಲಿ ಎಂದರೆ ಮೂರು ಕಡೆ. ಎರಡು ಪಂದ್ಯ ನೋಡಿ ತೀರ್ಪು ಕೊಟ್ಟರೆ ಅದು ಅದೃಷ್ಟದ ಲೆಕ್ಕ, ಹತ್ತಾದರೂ ಬೇಕು. ಪ್ಲಸ್-ಮೈನಸ್ ಒಂದನ್ನೇ ನಂಬಿದರೆ, ಯಾವಾಗಲೂ ನಿಮ್ಮ ಒಳ್ಳೆಯ ನಾಲ್ವರ ಜೊತೆಗೇ ಇಳಿಯುವವನು ದೊಡ್ಡವನಾಗಿ ಕಾಣುತ್ತಾನೆ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಮೂರನೆಯದು: ಹಾಳೆಯನ್ನು ಗೋಡೆಗೆ ಅಂಟಿಸಿದ ವಾರದಿಂದಲೇ ಹುಡುಗರು ಡಿಫ್ಲೆಕ್ಷನ್‌ಗಾಗಿ ಜಾಗ ಬಿಟ್ಟು ಹಾರುತ್ತಾರೆ, ಅವರ ಹಿಂದಿನವನು ಒಬ್ಬನೇ ಇಬ್ಬರನ್ನು ಕಾಯಬೇಕಾಗುತ್ತದೆ. ಆದ್ದರಿಂದ ಮೊದಲ ಒಂದು ತಿಂಗಳು ಹಾಳೆ ನಿಮ್ಮ ಬಳಿಯೇ ಇರಲಿ. ಜೂಜಾಡಿ ತಪ್ಪಿಸಿಕೊಂಡು ಬ್ಯಾಸ್ಕೆಟ್ ಬಿಟ್ಟುಕೊಟ್ಟದ್ದಕ್ಕೆ ಆರನೇ ಕಾಲಂ ಹಾಕಿ, ಡಿಫ್ಲೆಕ್ಷನ್‌ನಿಂದ ಅದನ್ನು ಕಳೆಯಿರಿ.

ಪ್ಯಾಕ್ಸನ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಿಮ್ಮ ಹುಡುಗರಿಗೆ ಒಂದೇ ಪಂದ್ಯ ತೋರಿಸುವುದಾದರೆ 1991ರ ಫೈನಲ್ಸ್‌ನ ಐದನೆಯದು, ಲೇಕರ್ಸ್ ಎದುರು, 108-101. ಪ್ಯಾಕ್ಸನ್ ಗಳಿಸಿದ 20ರಲ್ಲಿ 10 ಪಾಯಿಂಟ್ ಕೊನೆಯ ನಾಲ್ಕು ನಿಮಿಷದ್ದು. ಕೊನೆಯ ಕ್ವಾರ್ಟರ್ ಎರಡು ಸಲ ಹಾಕಿ. ಮೊದಲ ಸಲ ಮಾಮೂಲಿಯಾಗಿ ನೋಡಲಿ. ಎರಡನೇ ಸಲ ಚೆಂಡನ್ನು ಬಿಟ್ಟು ಪ್ಯಾಕ್ಸನ್ ಪಾದಗಳನ್ನೇ ನೋಡಲಿ, ಪಾಸ್ ಬರುವ ಮುಂಚೆ ಅವು ಎಲ್ಲಿವೆ ಎಂದು.

— ಸಂಪಾದಕ